ಗ್ರಾಫಿಕ್ಸ್ ಕಾರ್ಡಿಗೆ ಚೆಂಡುಹೂವು

“ನಿನ್ನ ಕಾರು ನಿಂತು ನಿಂತು ಹೊಂಟೈತಲ್ಲೇ, ಒಳಗ ಕಂಡಕ್ಟರ್ ಟಿಕೆಟ್ ಹರಿಯಾಕ ಹತ್ಯಾನೇನು?” ಎಂದು ಗೀತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಡಗಲಿಯಿಂದ ದಸರಾ ರಜೆಗೆ ಕೊಟ್ಟೂರಿನ ನಮ್ಮ ಮನೆಗೆ ಬಂದಿದ್ದ ಚಿಕ್ಕಪ್ಪನ ಮಗಳು ಅವಳು. ಕಾರ್ ರೇಸಿನ ಆಟದಲ್ಲಿ ಅವಳನ್ನು ಒಮ್ಮೆಯಾದರೂ ಸೋಲಿಸಬೇಕೆಂದೇ ನಾನು ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದೆ. ಹಿಂದಿನ ದಿನ ಸಲೀಸಾಗಿ ಓಡಿದ್ದ ಆಟ, ಅವಳ ಸರದಿ ಮುಗಿದು ನನ್ನದು ಬರುವಷ್ಟರಲ್ಲಿ ತಡವರಿಸತೊಡಗಿತ್ತು.

ಕಾರ್ಡನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ. ಆಟದ ಸೆಟ್ಟಿಂಗ್ ಎಲ್ಲ ಇಳಿಸಿದೆ. ಏನೂ ಉಪಯೋಗವಾಗಲಿಲ್ಲ. ಕೊನೆಗೆ ಕಾರ್ಡನ್ನೇ ಬಿಚ್ಚಿ ನೋಡೋಣವೆಂದು ಗೋಡೆಗೆ ಒತ್ತಿಟ್ಟಿದ್ದ ಕಂಪ್ಯೂಟರಿನ ಕ್ಯಾಬಿನೆಟ್ ತಿರುಗಿಸಿದರೆ, ಬಿಸಿಗಾಳಿ ಹೊರಹೋಗುವ ಒಂದೊಂದು ತೂತಿಗೂ ಒಂದೊಂದು ಚೆಂಡುಹೂವು! ಪಾಪ, ಒಳಗೇ ಕುದಿದು ಕಂಪ್ಯೂಟರ್ ತನ್ನ ವೇಗ ತಗ್ಗಿಸಿಕೊಂಡಿತ್ತು.

ಬೆಳಿಗ್ಗೆ ಆಯುಧಪೂಜೆ ಮಾಡಿದ್ದ ಅವ್ವನನ್ನು ಕರೆದು ತೋರಿಸಿದೆ. ಅವಳಿಗೆ ನನ್ನ ಮೇಲೇ ಸಿಟ್ಟು.

“ಹೊಸಾ ಕಾರ್ಡು ಹಿಂದ್ಗಡಿ ಕುಂತೈತಿ ಅಂತ ನೀನ ಹೇಳಿದ್ಯಲ್ಲ? ಮುಂದಷ್ಟ ಹೂವು ಇಟ್ರ ಅದು ಬ್ಯಾಸರ ಮಾಡ್ಕೊಳ್ಳಂಗಿಲ್ಲೇನು?”

ಹೂವು ಬಿಡಿಸಿ, ಕಂಪ್ಯೂಟರ್ ತಣ್ಣಗಾದ ಮೇಲೆ ನಾನು ಗೆದ್ದೆ. ಅದು ತನ್ನ ಪೂಜೆಯ ಗೆಲುವೆಂಬ ಅವ್ವನ ಮಾತನ್ನು ಗೀತಾ ಇವತ್ತಿಗೂ ಒಪ್ಪಿಕೊಂಡಿಲ್ಲ. ಅವ್ವ ಮಾತ್ರ ಅಂದಿನಿಂದ ಮಿಕ್ಸಿಗೋ ಫ್ರಿಜ್ಜಿಗೋ ಹೂವು ಏರಿಸುವ ಮೊದಲು ನನ್ನನ್ನು ಕೂಗುತ್ತಾಳೆ: “ಬಾ ಇಲ್ಲಿ, ಇದು ಯಾವ ಕಡಿಂದ ಉಸಿರಾಡತೈತಿ ಹೇಳು.”