ಕತ್ತಿ ಹಿಡಿದವಳ ಕವಚ

ಎರಡು ಸಾವಿರದ ಇಸವಿ ದಾಟಿದ ಮೇಲೆ, ಮರಾಠಿ ಸೀಮೆಯ ನಿಗಡಿಯಲ್ಲಿದ್ದ ನಮ್ಮ ಮನೆಗೆ ಕಂಪ್ಯೂಟರ್ ಬಂತು. ಚಾಕಣದ ಕಾರ್ಖಾನೆಯಲ್ಲಿದ್ದ ನಮ್ಮ ಮನೆಯವರು ಅದರ ಜೊತೆಗೆ ಒಂದು ಆಟದ ಸೀಡಿಯನ್ನೂ ತಂದಿದ್ದರು. ರಾಕ್ಷಸರು, ಮಂತ್ರವಾದಿಗಳು, ಕತ್ತಿ ಕಾಳಗ ತುಂಬಿದ, ಹೊರದೇಶದವರು ಸಿನಿಮಾದಷ್ಟೇ ಹಣ ಸುರಿದು ಮಾಡಿದ ಆಟ. ಎರಡು ಭಾನುವಾರ ಆಡಿ ಅವರಿಗೆ ಬೇಸರ ಬಂತು. ಹಿಡಿದು ಕೂತವಳು ನಾನು, ಏಳನೇ ಇಯತ್ತೆ ಓದುವ ಮಗಳ ತಾಯಿ.

ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಕೋಣೆಯ ಬಾಗಿಲು ಮುಂದೆ ಮಾಡಿ ಆಡುತ್ತಿದ್ದೆ. ಆ ಆಟದಲ್ಲಿ ಎಲ್ಲಿಗೆ ಬೇಕಾದರೂ ನಡೆದು ಹೋಗಬಹುದಿತ್ತು, ಎಲ್ಲಿಗೆ ಹೊರಟಿ ಎಂದು ಯಾರೂ ಕೇಳುತ್ತಿರಲಿಲ್ಲ. ಗುಡ್ಡ ಹತ್ತಿ ನಿಂತರೆ ಕೆಳಗಿನ ಹುಲ್ಲು ಗಾಳಿಗೆ ಮಲಗಿ ಏಳುತ್ತಿತ್ತು. ಕತ್ತಿ ಬೀಸಿದರೆ ಅದರ ಭಾರ ನನ್ನ ಮುಂಗೈಗೇ ತಾಗಿದಂತೆ ಅನ್ನಿಸುತ್ತಿತ್ತು. ಹುಳುಕುಗಳೂ ಇದ್ದವು. ಒಬ್ಬರ ಕಳೆದ ಉಂಗುರ ಹುಡುಕಿಕೊಟ್ಟರೆ ಇನ್ನೊಬ್ಬರ ಕುರಿ ಕಳೆದಿರುತ್ತಿತ್ತು, ಕಥೆ ಅಲ್ಲೇ ಸೊರಗುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಆ ಕವಚ. ನಾನು ಆರಿಸಿಕೊಂಡಿದ್ದ ಹೆಣ್ಣಿಗೆ ಒಳ್ಳೊಳ್ಳೆಯ ಕವಚ ಸಿಕ್ಕಷ್ಟೂ ಮೈಮೇಲಿನ ಬಟ್ಟೆ ಕಡಿಮೆಯಾಗುತ್ತಿತ್ತು. ಗಂಡಸರ ಕವಚ ಮಾತ್ರ ಕುತ್ತಿಗೆಯಿಂದ ಪಾದದವರೆಗೆ!

ಒಂದು ದಿನ ಅತ್ತೆ ನೀರು ಕುಡಿಯಲು ಎದ್ದವರು ನನ್ನ ಹಿಂದೆ ಬಂದು ನಿಂತಿದ್ದರು. ಧಾರವಾಡದ ಕಡೆಯ, ಮಡಿ ಬಿಡದ ಹೆಂಗಸು.

"ಯಾರಕಿ ಈಕಿ?"

"ಆಟದಾಗಿನಾಕಿ, ಅತ್ಯಾರ. ಯುದ್ಧಾ ಮಾಡತಾಳ."

"ಹಿಂಗ ಬತ್ತಲೆ ಹೋದ್ರ ಗಾಯ ಆಗೂದಿಲ್ಲೇನು?"

ಆಟದೊಳಗಿನ ಅವಳ ಸಂಚಿಯಲ್ಲಿ ಬಿದ್ದಿದ್ದ ಸನ್ಯಾಸಿನಿಯ ನಿಲುವಂಗಿಯನ್ನು ಅವಳಿಗೆ ತೊಡಿಸಿದೆ. ಅತ್ತೆ ತಲೆಯಾಡಿಸಿ ಹೋದರು. ಆ ಅಂಗಿಯಲ್ಲಿ ಗುಹೆಯ ರಾಕ್ಷಸನೆದುರು ಅವಳು ಒಂದೇ ಏಟಿಗೆ ಸತ್ತಳು. ಮರುದಿನ ಮತ್ತೆ ಕವಚಕ್ಕೇ ಬಂದೆ. ಆಮೇಲೆ ಅತ್ತೆ ನೀರಿಗೆ ಎದ್ದಾಗಲೆಲ್ಲ ಒಂದು ಗಳಿಗೆ ನಿಂತು ನೋಡಿ ಹೋಗುತ್ತಿದ್ದರು.

ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಭಜನೆ ಇತ್ತು. ಕನ್ನಡ ಮಾತಾಡುವ ಹೆಂಗಸರೆಲ್ಲ ಬಂದಿದ್ದರು. ಮಂಗಳಾರತಿ ಮುಗಿದು ಅವಲಕ್ಕಿ ಹಂಚುವಾಗ ಕೋಣೆಯಿಂದ ರಾಕ್ಷಸನ ಗರ್ಜನೆ ಕೇಳಿತು. ಯಾರದೋ ಮಗು ಕೀಲಿಮಣೆ ಒತ್ತಿತ್ತು. ಮಧ್ಯಾಹ್ನ ಅರ್ಧಕ್ಕೆ ನಿಲ್ಲಿಸಿದ್ದ ಆಟ ಓಡತೊಡಗಿತ್ತು. ಹೆಂಗಸರು ಬಾಗಿಲಲ್ಲಿ ಗುಂಪುಗೂಡಿದರು. ನಾನು ನುಗ್ಗಿ ಹೋಗುವಷ್ಟರಲ್ಲಿ ಪರದೆಯ ತುಂಬ ಅವಳೇ ನಿಂತಿದ್ದಳು, ಅದೇ ಕವಚದಲ್ಲಿ.

"ನಿಮ್ಮ ಮನಿಯವ್ರು ಇಂಥಾದ್ದು ನೋಡತಾರೇನ್ರಿ, ವೈನಿ?" ಎಂದರು ಪಕ್ಕದ ಕಟ್ಟಡದವರು.

ಹೌದೆಂದುಬಿಟ್ಟರೆ ಮುಗಿಯುತ್ತಿತ್ತು. ನನ್ನ ನಾಲಿಗೆ ಹೊರಳುವ ಮೊದಲೇ ಪಡಸಾಲೆಯಿಂದ ಅತ್ತೆ ಗಟ್ಟಿಯಾಗಿ ಹೇಳಿದರು: "ಅವಂಗ ಎಲ್ಲಿ ಬರತದ? ಅದು ನನ್ನ ಸೊಸಿ ಆಟ. ಭಾಳ ಛಂದ ಆಡತಾಳ!"

ಹಿಂದಿನಿಂದ ಯಾರೋ ಕಿಸಕ್ಕೆಂದರು. "ನಮಗ ಇಷ್ಟು ಪುರಸತ್ತು ಎಲ್ಲಿರತದ್ರಿ," ಎಂದರು ಇನ್ನೊಬ್ಬರು. ಆಟ ನಿಲ್ಲಿಸುವ ಗುಂಡಿ ಯಾವುದೆಂದು ತೋಚದೆ ಗೋಡೆಯ ಸ್ವಿಚ್ಚನ್ನೇ ಆರಿಸಿದೆ. ಎಲ್ಲರೂ ಹೋಗುವವರೆಗೂ ಅಡುಗೆಮನೆಯಿಂದ ಹೊರಬರಲಿಲ್ಲ. ಮುಂದೆ ತರಕಾರಿ ಮಂಡಿಯಲ್ಲಿ ಅವರ ಪೈಕಿ ಯಾರು ಕಂಡರೂ ಇನ್ನೊಂದು ಸಾಲಿಗೆ ಹೊರಳುತ್ತಿದ್ದೆ.

ಅತ್ತೆಯ ಮೇಲೆ ಸಿಟ್ಟು ಬಂದಿತ್ತು. ಅವರೋ, ಸೊಸೆಗೆ ಶಾಭಾಸ್ ಕೊಟ್ಟೆನೆಂದೇ ತಿಳಿದಿದ್ದರು. ನಾನು ಕಂಪ್ಯೂಟರಿಗೆ ಬಟ್ಟೆ ಹೊದಿಸಿದ್ದು ಅವರಿಗೆ ಅರ್ಥವಾಗಲಿಲ್ಲ. ಗಣಪತಿ ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ತಾವೇ ಆ ಬಟ್ಟೆ ಮಡಚಿಟ್ಟು ಮಂಚದ ಮೇಲೆ ಕೂತರು.

"ಆಕಿ ಇನ್ನೂ ಆ ಗವಿಯೊಳಗ ಇದ್ದಾಳಲ್ಲ? ಹೊರಗ ಕರಕೊಂಡು ಬಾ."

"ಬ್ಯಾಡ್ರಿ, ಅತ್ಯಾರ. ಮಂದಿ ನಗತಾರ."

"ಮಂದಿ ಈಗ ಮಲಗ್ಯಾರ," ಎಂದರು.

ಎರಡು ಸಲ ಸತ್ತು, ಮೂರನೆಯ ಸಲ ರಾಕ್ಷಸನನ್ನು ಕೆಡವಿದೆ. ಅವಳು ಬಯಲಿಗೆ ಬಂದಾಗ ಅತ್ತೆ "ಹಾಂ" ಎಂದು ಉಸಿರು ಬಿಟ್ಟರು. ಅಂದಿನಿಂದ ದಿನವೂ ಬಂದು ಕೂರುತ್ತಿದ್ದರು. ದೀಪಾವಳಿಯ ಹೊತ್ತಿಗೆ ಆಟ ಮುಗಿಯಿತು. ನನ್ನ ನಾಚಿಕೆ ಮುಗಿದಿರಲಿಲ್ಲ. ಕರಿಗಡಬು ಕೊಡಲು ಬಂದ ಪಕ್ಕದ ಕಟ್ಟಡದವರು ನಗುತ್ತ, "ಏನ್ರಿ ವೈನಿ, ನಿಮ್ಮ ಯುದ್ಧಾ ಹೆಂಗ ನಡದದ?" ಎಂದಾಗ, ಅತ್ತೆಯ ಎದುರಿಗೇ, "ಅಯ್ಯ, ಅದನ್ನ ಯಾವಾಗೋ ಬಿಟ್ಟೇನ್ರಿ," ಎಂದೆ. ಅತ್ತೆ ನನ್ನ ಮುಖ ನೋಡಿದರು, ಆಮೇಲೆ ಬಂದವರಿಗೆ ಚಹಾ ಇಡಲು ಒಳಗೆ ಹೋದರು.