ಕರಡಿಯ ಹೊಟ್ಟೆಯ ಬೈತಲೆ

ಒಂದು ಕರಡಿಯ ಹೊಟ್ಟೆಯನ್ನು ನಾನು ವಾದ ಮಾಡಿ ಕೆಡಿಸಿದ್ದೇನೆ. ಗೊಂಬೆ ಕರಡಿ, ಪ್ರಾಣಿದಯೆಯವರು ಎದ್ದು ನಿಲ್ಲಬೇಕಾಗಿಲ್ಲ. ಆದರೆ ವಾದ ಮಾತ್ರ ಅಸಲಿ, ಅದರಲ್ಲಿ ನಾನು ನ್ಯಾಯವಾಗಿಯೇ ಗೆದ್ದೆ. ತೊಂದರೆಯಾದದ್ದೇ ಗೆದ್ದದ್ದರಿಂದ.

ನನ್ನ ತರಬೇತಿಯೇ ಅಂಥದ್ದು. ಮುಂಬಯಿಯಲ್ಲಿ ಹುಟ್ಟಿದ ನನ್ನ ಓರಗೆಯವರು ಊಟ ಕೇಳುವಷ್ಟು ಕನ್ನಡ ಕಲಿತರೆ, ನಾನು ಜಗಳವಾಡುವಷ್ಟು ಕಲಿತೆ. ಅದಕ್ಕೆ ಕಾರಣ ನಮ್ಮ ಉಪನಗರದ ಕನ್ನಡ ಸಂಘದ ಚರ್ಚಾಸ್ಪರ್ಧೆ. ಚೀಟಿಯಲ್ಲಿ 'ಪರ' ಬಂದರೆ ಪರ, 'ವಿರೋಧ' ಬಂದರೆ ವಿರೋಧ. ಒಂದು ವರ್ಷ ಕೂಡುಕುಟುಂಬವೇ ಸುಖವೆಂದು ಮೇಜು ಗುದ್ದಿ ಕಪ್ ತಂದೆ. ಮರುವರ್ಷ ಅದು ನರಕವೆಂದು ಅದೇ ಮೇಜು ಗುದ್ದಿ ಇನ್ನೂ ದೊಡ್ಡ ಕಪ್ ತಂದೆ. ಎರಡು ಸಲವೂ ತೀರ್ಪುಗಾರರು ಅವರೇ, ಎರಡು ಸಲವೂ ಕಣ್ಣೊರೆಸಿಕೊಂಡರು. ಆವತ್ತಿನಿಂದ ಯಾರು ಏನೇ ಹೇಳಿದರೂ ನನಗೆ ಮೊದಲು ಹೊಳೆಯುವುದು 'ಯಾಕೆ?' ಎಂಬ ಪ್ರಶ್ನೆ. ಈಗ ಫೋರ್ಟಿನ ಒಂದು ವಕೀಲರ ಆಫೀಸಿನಲ್ಲಿ ಜೂನಿಯರ್ ಆಗಿದ್ದೇನೆ. ಅಲ್ಲಿ ಈ ಕಾಯಿಲೆಗೆ ಸಂಬಳ ಕೊಡುತ್ತಾರೆ.

ಕರಡಿಯದು ವಾರಿಜ ಚಿಕ್ಕಮ್ಮನ ಕಡೆಯಿಂದ ಬಂದ ಸಂಬಂಧ. ವಾರಿಜ ಚಿಕ್ಕಮ್ಮ ನನ್ನ ಅಮ್ಮನ ತಂಗಿ, ಘಾಟ್ಕೋಪರಿನ ನಮ್ಮದೇ ಬಿಲ್ಡಿಂಗಿನಲ್ಲಿ ಎರಡು ಮಾಳಿಗೆ ಕೆಳಗಿದ್ದಾಳೆ. ಜೋಗೇಶ್ವರಿಯ ಒಂದು ಗೊಂಬೆ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಹೊಲಿದವಳು. ಅಲ್ಲಿ ಅವಳು ಹೊಲಿದ ಪ್ರತಿ ಗೊಂಬೆಯ ಬೆನ್ನಿಗೂ ಒಂದು ಬಟ್ಟೆಯ ಪಟ್ಟಿ, ಪಟ್ಟಿಯ ಮೇಲೆ ಅವಳಿಗೆ ಉಚ್ಚರಿಸಲೂ ಬಾರದ ಯಾವುದೋ ಪರದೇಶದ ಹೆಸರು. ಕಾರ್ಖಾನೆ ಮುಚ್ಚಿದ ಮೇಲೆ ಮನೆಯಲ್ಲೇ ಮೊಹೇರ್ ಕರಡಿಗಳನ್ನು ಕೈಯಲ್ಲಿ ಹೊಲಿಯತೊಡಗಿದಳು.

ಮೊಹೇರ್ ಎಂದರೆ ಒಂದು ಜಾತಿಯ ಮೇಕೆಯ ಕೂದಲು, ಬಟ್ಟೆಯ ಮೇಲೆ ಹುಲ್ಲಿನ ಹಾಗೆ ಎದ್ದು ನಿಂತಿರುತ್ತದೆ. ಅಂದರೆ ಈ ಪ್ರಾಣಿಯ ಚರ್ಮ ಮೇಕೆಯದು, ಟೆಡ್ಡಿ ಎಂಬ ಹೆಸರು ಅಮೆರಿಕದ ಅಧ್ಯಕ್ಷರೊಬ್ಬರ ಅಡ್ಡಹೆಸರು, ಕಣ್ಣು ಗಾಜಿನದು, ಮುಖಭಾವ ಊಟ ಮುಗಿಸಿ ವೀಳ್ಯ ಹಾಕಿಕೊಂಡ ಮಾವಂದಿರದು. ಕರಡಿಯದೆಂದು ಇದರಲ್ಲಿ ಏನಿದೆ? ಚಿಕ್ಕಮ್ಮನನ್ನು ಕೇಳಿದ್ದೆ. "ನಿನ್ನ ಹಠ ಉಂಟಲ್ಲ, ಅದನ್ನು ತುಂಬಿಸ್ತೇನೆ" ಅಂದಳು.

ಹೋದ ತಿಂಗಳು ಫೋರ್ಟಿನ ಗಲ್ಲಿಯೊಂದರ ಹಳೆಯ ಗೊಂಬೆ ಅಂಗಡಿಯ ಒಡತಿ, ಒಬ್ಬ ಪಾರ್ಸಿ ಅಜ್ಜಿ, ಚಿಕ್ಕಮ್ಮನಿಗೆ ಹೇಳಿಕಳಿಸಿದರು: ಶನಿವಾರ ಮೂರು ಕರಡಿ ತಂದು ತೋರಿಸಿ, ಮೂರೂ ಒಂದೇ ಹದದಲ್ಲಿದ್ದರೆ ಒಂದು ಶೆಲ್ಫು ನಿಮಗೆ, ನಿಮ್ಮ ಹೆಸರಿನಲ್ಲೇ. ಚಿಕ್ಕಮ್ಮ ಅವತ್ತೇ ಹೋಗಿ 'ವಾರಿಜ, ಘಾಟ್ಕೋಪರ್' ಎಂದು ಪಟ್ಟಿಗಳನ್ನು ನೇಯಿಸಿಕೊಂಡು ಬಂದಳು. ಅಕ್ಕಿ ಡಬ್ಬದ ಮೇಲಿಟ್ಟು ಹೋಗಿ ಬಂದು ನೋಡುತ್ತಿದ್ದಳು. ಎರಡು ಕರಡಿ ಮುಗಿದವು. ಮೂರನೆಯದಕ್ಕೆ ತಲೆ, ಕೈಕಾಲು ಹೊಲಿದಿಟ್ಟಿದ್ದಳು. ಉಳಿದದ್ದು ಹೊಟ್ಟೆ ಮತ್ತು ಬೆನ್ನು. ಸೋಮವಾರ ಸ್ಟೇಷನ್ನಿನ ಬ್ರಿಡ್ಜಿನ ಮೆಟ್ಟಿಲಲ್ಲಿ ಜಾರಿದಳು. ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್.

ಹಾಗೆ ಮಂಗಳವಾರ ಸಂಜೆ ಆಫೀಸಿನಿಂದ ಬಂದವಳ ಕೈಗೆ ಕರಡಿಯ ಹೊಟ್ಟೆ ಬಂತು. ಶಾಲೆಯ ಕ್ರಾಫ್ಟ್ ಪಿರಿಯಡ್ಡಿನಲ್ಲಿ ನಾನು ಕಲಿತ ಹೊಲಿಗೆಗಳೆಲ್ಲ ಕೈಯಲ್ಲಿ ಉಳಿದಿದ್ದವು, ಬುದ್ಧಿಯಲ್ಲಿ ಅಲ್ಲ. ಚಿಕ್ಕಮ್ಮ ದಿಂಬಿನ ಮೇಲೆ ಪ್ಲಾಸ್ಟರ್ ಇಟ್ಟುಕೊಂಡು ಕ್ರಮ ಹೇಳಿದಳು. ಎರಡು ತುಂಡುಗಳನ್ನು ಕೂದಲಿನ ಮುಖ ಒಳಗಾಗುವಂತೆ ಸೇರಿಸು. ಅಂಚಿನಲ್ಲಿ ಹೊರಗೆ ಇಣುಕುವ ಪ್ರತಿ ಎಳೆಯನ್ನೂ ಮೊಂಡು ಸೂಜಿಯಿಂದ ಒಳಗೆ ತಳ್ಳು. ಸಡಿಲವಾಗಿ ಒಂದು ಕಚ್ಚಾ ಹೊಲಿಗೆ ಹಾಕಿ ಹಿಡಿದಿಡು. ಆಮೇಲೆ ಎರಡೆಳೆ ದಾರದಲ್ಲಿ ಬಖಿಯಾ ಎಂಬ ಬಿಗಿ ಹೊಲಿಗೆ: ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ, ಜೋಳದ ಕಾಳಿಗಿಂತ ದೊಡ್ಡದಾಗದ ಹಾಗೆ. ಕೊನೆಗೆ ಮಗುಚಿ, ಹೊಲಿಗೆಯೊಳಗೆ ತಪ್ಪಿ ಸಿಕ್ಕಿದ ಕೂದಲನ್ನು ಸೂಜಿಯ ತುದಿಯಿಂದ ಎಬ್ಬಿಸು.

ನನಗೆ ಕಿರಿಕಿರಿಯಾದದ್ದು ಆ ಮೊಂಡು ಸೂಜಿಯದು. ಹೊಟ್ಟೆಯ ಸುತ್ತ ಒಂದೊಂದೇ ಕೂದಲು ತಳ್ಳುತ್ತ ಕೂತರೆ ಒಂದು ಗಂಟೆ.

"ಚಿಕ್ಕಮ್ಮಾ, ಕೂದಲನ್ನು ಕೊನೆಗೆ ಹೇಗೂ ಎಳೆದು ತೆಗೀತೀಯಲ್ಲ?"

"ತಪ್ಪಿ ಸಿಕ್ಕಿದ್ದನ್ನು."

"ಕೊನೆಗೆ ಎಳೆದರೆ ಬರ್ತದೆ ಅಂತಾದರೆ ಮೊದಲು ತಳ್ಳೋದು ದಂಡ. ಬರೋದಿಲ್ಲ ಅಂತಾದರೆ ಕೊನೆಗೆ ಎಳೆಯೋದು ದಂಡ. ಯಾವುದು ದಂಡ ಹೇಳು?"

ತರ್ಕದಲ್ಲಿ ಇದಕ್ಕೆ ಉಭಯತಃಪಾಶ ಎನ್ನುತ್ತಾರೆ. ಹಗ್ಗದ ಎರಡೂ ತುದಿಗೆ ಕುಣಿಕೆ, ಎತ್ತ ಹೋದರೂ ಕುತ್ತಿಗೆಗೆ. ಇದರಿಂದ ಬಿಡಿಸಿಕೊಂಡ ಎದುರಾಳಿಯನ್ನು ನಾನು ಕಂಡಿಲ್ಲ. ಚಿಕ್ಕಮ್ಮ ಪ್ಲಾಸ್ಟರನ್ನು ದಿಂಬಿನ ಮೇಲೆ ಸರಿಸಿಟ್ಟುಕೊಂಡಳು.

"ನಿನ್ನ ಹತ್ರ ಮಾತಾಡ್ಲಿಕ್ಕೆ ನನಗೆ ಬರೂದಿಲ್ಲ ಮಾರಾಯ್ತಿ. ಕೈ ಬೇರೆ ನೋಯ್ತಾ ಉಂಟು. ಎಂತ ಬೇಕಾದ್ರೂ ಮಾಡು."

ಇದನ್ನು ನಾನು ಜಯವೆಂದು ದಾಖಲಿಸಿಕೊಂಡೆ. ಮೊಂಡು ಸೂಜಿ ಮೂಲೆಗೆ ಹೋಯಿತು.

ಗುರುವಾರ ಸಂಜೆ ಹೊಟ್ಟೆ ಮುಗಿಸಿ ಮಗುಚಿದೆ. ಬಖಿಯಾ ಸಾಲು ಇರುವೆ ಸಾಲಿನಷ್ಟು ನೇರ. ಆದರೆ ಅದರ ಗುಂಟ ಕೂದಲಿಲ್ಲದ ಒಂದು ಗೆರೆ, ಕುತ್ತಿಗೆಯಿಂದ ಕಿಬ್ಬೊಟ್ಟೆಯವರೆಗೆ. ಎಣ್ಣೆ ಹಚ್ಚಿ ಬೈತಲೆ ತೆಗೆದ ಹಾಗೆ! ಸೂಜಿಯಿಂದ ಎಳೆದೆ. ಹತ್ತು ಎಳೆಯಲ್ಲಿ ಎರಡು ಎದ್ದವು, ಮೂರು ತುಂಡಾದವು, ಉಳಿದವು ಬಿಗಿ ಹೊಲಿಗೆಯೊಳಗೆ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದವು. ಹೊಲಿಗೆ ಎಷ್ಟು ಚೆನ್ನಾಗಿತ್ತೋ ಅಷ್ಟೂ ಕೆಟ್ಟಿತ್ತು. ಕರಡಿಯ ಹೊಟ್ಟೆ ಶಾಲೆಯ ಮೊದಲ ದಿನದ ಮಗುವಿನ ತಲೆಯ ಹಾಗೆ ನನ್ನನ್ನು ನೋಡುತ್ತಿತ್ತು.

ಚಿಕ್ಕಮ್ಮನಿಗೆ ತೋರಿಸಿದೆ. ಅವಳು ನೋಡಲಿಲ್ಲ. ಅವಳ ಪರೀಕ್ಷೆ ಬೇರೆ: ಕಣ್ಣು ಮುಚ್ಚಿ ಎಡಗೈಯ ಹೆಬ್ಬೆರಳನ್ನು ಮೆಲ್ಲಗೆ ಹೊಲಿಗೆಯ ಮೇಲೆ ಎಳೆದಳು. ಬೆರಳಿಗೆ ಹೊಲಿಗೆ ಸಿಕ್ಕಿದರೆ ಕರಡಿ ನಪಾಸು, ಸಿಕ್ಕದಿದ್ದರೆ ಪಾಸು. ಮೀಮಾಂಸಕರು ಅನುಪಲಬ್ಧಿ ಎಂಬ ಒಂದು ಪ್ರಮಾಣವನ್ನು ಒಪ್ಪುತ್ತಾರೆ: ನೆಲದ ಮೇಲೆ ಕೊಡ ಕಾಣದಿರುವುದೇ ಕೊಡ ಇಲ್ಲವೆಂಬುದಕ್ಕೆ ಸಾಕ್ಷಿ. ಪುಸ್ತಕದಲ್ಲಿ ಓದಿದಾಗ, ಕೆಲಸವಿಲ್ಲದವರ ಲೆಕ್ಕಾಚಾರ ಎಂದು ನಕ್ಕಿದ್ದೆ. ಚಿಕ್ಕಮ್ಮನ ಕಸುಬು ಪೂರ್ತಿ ನಿಂತಿರುವುದು ಅದರ ಮೇಲೇ. ಕಾಣದಿರುವುದೇ ಅವಳು ಮಾಡಿದ ಕೆಲಸಕ್ಕೆ ಸಾಕ್ಷಿ. ಅಡುಗೆಯಲ್ಲಿ ಉಪ್ಪು ಹಾಕಿದವರಿಗೂ, ಲೋಕಲ್ ರೈಲನ್ನು ಸರಿಯಾದ ಹೊತ್ತಿಗೆ ಓಡಿಸಿದವರಿಗೂ ಇದೇ ಗತಿ. ತಪ್ಪಿದ ದಿನ ಮಾತ್ರ ನೆನಪಾಗುತ್ತಾರೆ.

"ಬಿಚ್ಚುವಾ," ಅಂದಳು. ಬೈಯಲಿಲ್ಲ. ಬೈದಿದ್ದರೆ ಉತ್ತರ ಇತ್ತು ನನ್ನ ಹತ್ತಿರ.

ಶುಕ್ರವಾರ ಆಫೀಸಿಗೆ ಹೊಟ್ಟೆನೋವೆಂದು ಹೇಳಿದೆ. ಯಾರ ಹೊಟ್ಟೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಸಣ್ಣ ಕತ್ತರಿಯ ಮೊನೆಯಿಂದ ಒಂದೊಂದೇ ಹೊಲಿಗೆಯನ್ನು ಕಡಿದೆ, ದಾರ ಮಾತ್ರ ಕಡಿಯಬೇಕು, ಕೂದಲನ್ನಲ್ಲ, ಅಡಿಯ ಬಟ್ಟೆಯನ್ನೂ ಅಲ್ಲ. ಆಮೇಲೆ ಚಿಕ್ಕಮ್ಮ ಪ್ಲಾಸ್ಟರ್ ಕೈಯನ್ನು ಬಟ್ಟೆಯ ಮೇಲೆ ಭಾರಕ್ಕಿಟ್ಟಳು, ಎಡಗೈಯಲ್ಲಿ ಮೊಂಡು ಸೂಜಿ ಹಿಡಿದು ಮುಂದೆ ಮುಂದೆ ಕೂದಲನ್ನು ತಳ್ಳುತ್ತ ಹೋದಳು, ಹಿಂದೆ ಹಿಂದೆ ನಾನು ಹೊಲಿಯುತ್ತ ಬಂದೆ. ಮದುವೆ ಮೆರವಣಿಗೆಯಲ್ಲಿ ದಾರಿ ಬಿಡಿಸುವವರ ಹಿಂದೆ ನಡೆದ ಹಾಗೆ. ಎರಡು ಗಂಟೆ ನಾನು ಮಾತಾಡಲಿಲ್ಲ. ಊಟಕ್ಕೆ ಕರೆಯಲು ಇಳಿದುಬಂದ ಅಮ್ಮ ಬಾಗಿಲಲ್ಲೇ ನಿಂತು, "ವಾರಿಜ, ಇವಳಿಗೆ ಜ್ವರವಾ?" ಎಂದು ಕೇಳಿದಳು.

ಬೆನ್ನು ಮುಚ್ಚುವುದು ಕೊನೆಯ ಕೆಲಸ. ತಲೆ, ಕೈಕಾಲು ಜೋಡಿಸಿ, ಹತ್ತಿ ತುಂಬಿಸಿ, ತೆರೆದ ಬಾಯಿಯ ಒಂದು ಅಂಚಿಗೆ ಹೆಸರಿನ ಪಟ್ಟಿಯನ್ನು ಸಿಕ್ಕಿಸಿ, ಈ ಅಂಚಿನಿಂದ ಆ ಅಂಚಿಗೆ ಏಣಿಯ ಮೆಟ್ಟಿಲಿನ ಹಾಗೆ ದಾರ ಹಾಯಿಸುತ್ತ ಹೋಗಬೇಕು. ನಾಲ್ಕೈದು ಮೆಟ್ಟಿಲಾದ ಮೇಲೆ ಎಳೆದರೆ ಏಣಿ ಮಾಯ, ಅಂಚುಗಳು ತುಟಿ ಮುಚ್ಚಿದ ಹಾಗೆ ಕೂಡಿಕೊಳ್ಳುತ್ತವೆ. ಗಂಟನ್ನು ಕರಡಿಯ ಒಳಗೇ ನುಂಗಿಸಬೇಕು. ಎಳೆದು ಮುಗಿಸಿ, ಚಿಕ್ಕಮ್ಮನ ಮುಂದೆ ಇಟ್ಟೆ. ಅವಳು ಕಣ್ಣು ಮುಚ್ಚಿದಳು. ಹೆಬ್ಬೆರಳು ಹೊಟ್ಟೆಯ ಮೇಲೆ ಹೋಯಿತು, ಬೆನ್ನಿನ ಮೇಲೆ ಬಂತು, ಎಲ್ಲೂ ನಿಲ್ಲಲಿಲ್ಲ.

"ಅಡ್ಡಿ ಇಲ್ಲ," ಅಂದಳು. ಮೇಜು ಗುದ್ದಿ ತಂದ ಯಾವ ಕಪ್ಪಿಗೂ ನನಗೆ ಅಷ್ಟು ಖುಷಿಯಾಗಿರಲಿಲ್ಲ. ಆದರೂ ನನ್ನ ಮುಖ ತೀರ್ಪುಗಾರರ ಮುಖದಷ್ಟೇ ಗಂಭೀರವಾಗಿತ್ತೆಂದು ಭಾವಿಸಿದ್ದೇನೆ.

ಶನಿವಾರ ಫೋರ್ಟಿನ ಅಂಗಡಿಯಲ್ಲಿ ಪಾರ್ಸಿ ಅಜ್ಜಿ ಮೂರೂ ಕರಡಿಗಳನ್ನು ಗಾಜಿನ ಮೇಜಿನ ಮೇಲೆ ಕೂರಿಸಿ, ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ, ಹೆಬ್ಬೆರಳು ಎಳೆದರು. ನಾನು ಚಿಕ್ಕಮ್ಮನ ಮುಖ ನೋಡಿದೆ. ಅವಳಿಗೆ ತನ್ನ ಜಾತಿಯವರು ಸಿಕ್ಕಿದ ಹಾಗಾಗಿತ್ತು. ಅಜ್ಜಿ ಕಣ್ಣು ತೆರೆದು, "ತೀನೋಂ ಏಕ್ ಹೀ ಹಾಥ್ ಕೇ," ಅಂದರು. ಮೂರೂ ಒಂದೇ ಕೈಯವು. ಶೆಲ್ಫು ನಿಮ್ಮದು.

ತೀರ್ಪು ಬಂತು. ನಮ್ಮ ಕಸುಬಿನಲ್ಲಿ ಈ ಹಂತದಲ್ಲಿ ಕಕ್ಷಿದಾರನ ಬಾಯಿ ಮುಚ್ಚಿಸಿ ಹೊರಗೆ ಕರೆದುಕೊಂಡು ಹೋಗಬೇಕು. ನಾನು ಎದ್ದೂ ಎದ್ದೆ. ಚಿಕ್ಕಮ್ಮ ಕೂತೇ ಇದ್ದಳು.

"ನಹೀ ಮೇಡಂ," ಅಂದಳು. "ತೀಸರಾ ಮೇರಾ ನಹೀ. ಇಸ್ನೇ ಸಿಯಾ." ಮೂರನೆಯದು ಇವಳ ಹೊಲಿಗೆ ಎಂದು ಗದ್ದದಿಂದ ನನ್ನನ್ನು ತೋರಿಸಿದಳು.

ನಾನು ಕನ್ನಡಕ್ಕೆ ಹಾರಿದೆ. "ಚಿಕ್ಕಮ್ಮಾ, ಹೆಸರು ಕೈಯದಲ್ಲ, ಮನೆಯದು. ಉಡುಪಿ ಹೋಟೆಲಿನ ಬೋರ್ಡಿನ ಮೇಲೆ ಹೆಸರಿರುವ ಧಣಿ ಬಂದು ದೋಸೆ ಹೊಯ್ತಾರಾ? ಬೇಡದ ಸಾಕ್ಷಿ ಯಾಕೆ ಹೇಳ್ತೀ? ಶೆಲ್ಫು ಹೋಗ್ತದೆ."

"ಹೋಗ್ಲಿ. ಇಪ್ಪತ್ತೆರಡು ವರ್ಷ ನನ್ನ ಹೊಲಿಗೆಯ ಮೇಲೆ ಬೇರೆಯವರ ಹೆಸರಿತ್ತು. ಈಗ ನಿನ್ನ ಹೊಲಿಗೆಯ ಮೇಲೆ ನನ್ನ ಹೆಸರು ಹಾಕಿದರೆ ನಾನು ಯಾರಾದೆ, ಹೇಳು?"

ತಲೆ, ಕೈಕಾಲು ನಿನ್ನದೇ, ಕೂದಲು ತಳ್ಳಿದ್ದೂ ನೀನೇ ಅಲ್ಲವಾ ಎನ್ನಬಹುದಿತ್ತು. ಅವಳು ಕೇಳಿದ್ದು ಅದನ್ನಲ್ಲ.

ಚಿಕ್ಕಮ್ಮ ಅಜ್ಜಿಯಿಂದ ಕತ್ತರಿ ಕೇಳಿ ತೆಗೆದುಕೊಂಡು, ಪಟ್ಟಿ ತೆಗೆಯಲು ಮೂರನೆಯ ಕರಡಿಯನ್ನು ಮಗುಚಿದಳು. ಮೇಲಿಂದ ಕತ್ತರಿಸಿದರೆ ಮೋಟು ಉಳಿಯುತ್ತದೆ. ಬುಡದಿಂದ ಬರಬೇಕಾದರೆ ಹೊಲಿಗೆ ಬಿಚ್ಚಬೇಕು. ಎಡಗೈಯಲ್ಲಿ ಕತ್ತರಿ ಹಿಡಿದು, ಪಟ್ಟಿಯ ಬುಡದಲ್ಲಿ ಕಡಿಯಲು ದಾರ ಹುಡುಕಿದಳು. ಸಿಕ್ಕಲಿಲ್ಲ. ಅಜ್ಜಿ ಕನ್ನಡಕ ಹಾಕಿಕೊಂಡು ಹುಡುಕಿದರು. ಸಿಕ್ಕಲಿಲ್ಲ. ಕೊನೆಗೆ ನನ್ನ ಕೈಗೆ ಕೊಟ್ಟರು. ನಾನೇ ಹಾಕಿದ ಹೊಲಿಗೆ, ನಿನ್ನೆ ಮಧ್ಯಾಹ್ನ ಹಾಕಿದ್ದು, ಅದರ ದಾರ ಎಲ್ಲಿದೆಯೆಂದು ನನಗೂ ಗೊತ್ತಾಗಲಿಲ್ಲ. ಮೂರು ಜನ ಒಂದು ಗೊಂಬೆಯ ಬೆನ್ನಿನ ಮೇಲೆ ಹೇನು ನೋಡುವವರ ಹಾಗೆ ಬಗ್ಗಿದ್ದೆವು. ಅಜ್ಜಿಗೆ ಮೊದಲು ನಗು ಬಂತು.

ಎರಡು ಕರಡಿಗಳನ್ನು ಅವರು ಅಲ್ಲೇ ಶೆಲ್ಫಿಗೆ ಏರಿಸಿದರು. ಪಕ್ಕದ ಜಾಗವನ್ನು ಕೈಯಿಂದ ಒರೆಸಿ, ಇದು ಖಾಲಿ ಇರಲಿ, ಹೊಲಿದವಳ ಹೆಸರಿನ ಪಟ್ಟಿಯನ್ನೂ ಹಾಕಿ ಮೂರನೆಯದನ್ನು ಮುಂದಿನ ವಾರ ತನ್ನಿ ಎಂದರು.

ವಾಪಸು ಬರುವಾಗ ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ ಕೂತುಕೊಳ್ಳಲು ಜಾಗ ಸಿಕ್ಕಿತು. ಕರಡಿ ನನ್ನ ತೊಡೆಯ ಮೇಲೆ, ಪ್ಲಾಸ್ಟಿಕ್ ಚೀಲದಿಂದ ಮೂಗು ಹೊರಗೆ ಹಾಕಿಕೊಂಡು.

"ನಿನ್ನ ಹೆಸರಿಂದು ಒಂದು ಪಟ್ಟಿ ಮಾಡಿಸುವಾ?" ಚಿಕ್ಕಮ್ಮ ಕೇಳಿದಳು.

ಬಾಯಿ ತನ್ನ ಅಭ್ಯಾಸದಂತೆ ಓಡಿತು. "ಪಟ್ಟಿ ಇರೋದು ಬೆನ್ನ ಹಿಂದೆ. ತಗೊಂಡು ಹೋಗುವವರು ಯಾರೂ ಓದೋದಿಲ್ಲ. ಒಂದು ಕರಡಿಗೆ ಎರಡು ಹೆಸರು ಅಂದರೆ ಅದಕ್ಕೇ ಗೊಂದಲ."

"ಸರಿ. ಹಾಗಾದ್ರೆ ಬೇಡ ಬಿಡು," ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ಮತ್ತೆ ಗೆದ್ದಿದ್ದೆ. ಕುರ್ಲಾ ಹೋಯಿತು. ಕರಡಿಯ ಬೆನ್ನನ್ನು ಹೆಬ್ಬೆರಳಿನಿಂದ ಸವರಿದೆ, ಏನೂ ಸಿಕ್ಕಲಿಲ್ಲ. ವಿದ್ಯಾವಿಹಾರ್ ಬಂತು. ಮುಂದಿನ ಸ್ಟೇಷನ್ನಿಗೆ ಇಳಿಯುವವರೆಲ್ಲ ಬಾಗಿಲಿಗೆ ಒತ್ತತೊಡಗಿದರು.

"ಬೇಕು," ಅಂದೆ.

"ಎಂತದು?"

"ಪಟ್ಟಿ."

"ಯಾಕೆ?" ಎಂದು ಕೇಳಿದಳು ಚಿಕ್ಕಮ್ಮ. ಅವಳು ಆ ಪ್ರಶ್ನೆ ಕೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಪ್ಲಾಸ್ಟರ್ ಕೈಗೆ ಯಾರೂ ತಾಗದ ಹಾಗೆ ಅವಳನ್ನು ಮುಂದೆ ಬಿಟ್ಟು, ಕರಡಿಯನ್ನು ಎದೆಗೊತ್ತಿಕೊಂಡು ಹಿಂದೆ ನಡೆದೆ.