ಅಣೆ ಕಟ್ಟದ ನೀರುಗಂಟಿ

ಹೋದ ವಾರ ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಹೋಗುವ ಬಸ್ಸಿನಲ್ಲಿ ಒಬ್ಬ ಹೆಂಗಸು ಬಂದು ನನ್ನ ಪಕ್ಕ ಕುಳಿತಳು. ಎಡಗೈಗೆ ಬಿದಿರು ದಬ್ಬೆಯ ಕಟ್ಟು. ಕೋಳಿಮೊಟ್ಟೆ, ಉದ್ದಿನ ಹಿಟ್ಟು, ಹರಳೆಣ್ಣೆ, ಯಾವುದೋ ಸೊಪ್ಪಿನ ರಸ, ಎಲ್ಲ ಬೆರೆತು ಬಟ್ಟೆಯ ಮೇಲೆ ಒಣಗಿದ ಆ ವಾಸನೆ... ನಾನು ಸೀಟು ಬಿಟ್ಟೆದ್ದು ಬಾಗಿಲ ಬಳಿ ಹೋಗಿ ನಿಂತೆ. ಆಕೆ ತಪ್ಪು ತಿಳಿದುಕೊಂಡಿರಬೇಕು. ತಿಳಿದುಕೊಳ್ಳಲಿ, ಏನು ಮಾಡುವುದು. ಆ ವಾಸನೆಯೊಳಗೆ ನಾನು ಒಂದೂವರೆ ತಿಂಗಳು ಮಲಗಿದ್ದವನು.

ಆಗ ನನಗೆ ಇಪ್ಪತ್ತೊಂದು. ನಮ್ಮೂರು ಪಾಲಹಳ್ಳಿ. ಕಬ್ಬಿನ ಲಾರಿಯಿಂದ ಉದುರಿದ ಜಲ್ಲೆಯ ಮೇಲೆ ಬೈಕು ಹತ್ತಿಸಿ, ಜಾರಿ ಬಿದ್ದು, ಬಲಗಾಲಿನ ಮೂಳೆ ಮುರಿದುಕೊಂಡೆ. ಆಸ್ಪತ್ರೆಗೆ ಹೋದರೆ ಕಬ್ಬಿಣದ ರಾಡು ಹಾಕಿ ಜನ್ಮಕ್ಕೆಲ್ಲ ಕುಂಟ ಮಾಡುತ್ತಾರೆ ಎಂಬುದು ನಮ್ಮಪ್ಪನ ತೀರ್ಮಾನ. ಅಪ್ಪನ ತೀರ್ಮಾನಕ್ಕೆ ನಮ್ಮ ಮನೆಯಲ್ಲಿ ಎದುರು ಮಾತಿಲ್ಲ. ಸೀದಾ ನಾಗಮಂಗಲದ ಕಡೆಯ ಒಂದು ಹಳ್ಳಿಗೆ, ಮೂಳೆ ಕಟ್ಟುವ ಯಜಮಾನರೊಬ್ಬರ ಮನೆಗೆ ಹೊತ್ತುಕೊಂಡು ಹೋದರು.

ಮನೆಯ ಪಕ್ಕದಲ್ಲಿ ಉದ್ದನೆಯ ಒಂದು ಹೆಂಚಿನ ಹಜಾರ. ಎರಡು ಸಾಲು ಚಾಪೆ, ಚಾಪೆಗೊಬ್ಬರು ಮುರಿದವರು. ಕಾಲಿನವರಿಗೆ ಅಕ್ಕಪಕ್ಕ ಇಟ್ಟಿಗೆ ಒತ್ತಿಟ್ಟು, ಅಲುಗಾಡದಂತೆ ಮಾಡುತ್ತಿದ್ದರು. ಮಲಗಿದಲ್ಲೇ ಎಲ್ಲ. ಹೆಂಚಿನ ಸಂದಿಯಿಂದ ಬೀಳುವ ಬಿಸಿಲು ಬೆಳಿಗ್ಗೆ ನನ್ನ ಹೊಟ್ಟೆಯ ಮೇಲಿದ್ದರೆ ಸಂಜೆಗೆ ಎದುರು ಗೋಡೆ ಹತ್ತುತ್ತಿತ್ತು. ಅದೊಂದೇ ಅಲ್ಲಿ ನಡೆದಾಡುವ ಪ್ರಾಣಿ ಎಂದು ನಗುತ್ತಿದ್ದೆವು. ಮೊದಲ ವಾರ ನಗುತ್ತಿದ್ದೆವು. ಆಮೇಲೆ ನನಗೆ ನಗು ಬರಲಿಲ್ಲ. ಎದ್ದು ಓಡಿಬಿಡಬೇಕು ಅನ್ನಿಸುತ್ತಿತ್ತು, ಏಳಲು ಕಾಲಿಲ್ಲ. ಕೂಗಬೇಕು ಅನ್ನಿಸುತ್ತಿತ್ತು, ಅಕ್ಕಪಕ್ಕದಲ್ಲಿ ಸೊಂಟ ಮುರಿದ ಮುದುಕಿಯರೇ ಸುಮ್ಮನಿರುವಾಗ ನಾನು ಕೂಗುವುದು ಹೇಗೆ?

ಆ ಹಜಾರಕ್ಕೆ ಒಂದು ಕಟ್ಟುನಿಟ್ಟು ಇತ್ತು. ಕಟ್ಟು ಬಿಚ್ಚುವುದು ಭಾನುವಾರ ಮಾತ್ರ. ಭಾನುವಾರ ಬೆಳಿಗ್ಗೆ ಯಜಮಾನರು ಬಂದು ಹಳೆಯ ಕಟ್ಟು ಬಿಚ್ಚಿ, ಎಣ್ಣೆ ನೀವಿ, ಹೊಸ ಕಟ್ಟು ಹಾಕುವರು. ನಡುವೆ ಆಕಾಶವೇ ಕಳಚಿ ಬಿದ್ದರೂ ಯಾರೂ ಮುಟ್ಟಬಾರದು. ಮುಟ್ಟಿದರೆ ಕೂಡಿಕೊಳ್ಳುತ್ತಿರುವ ಮೂಳೆ ಮತ್ತೆ ಬಿಟ್ಟುಕೊಳ್ಳುತ್ತದೆ ಎಂದು ಎಲ್ಲರೂ ನಂಬಿದ್ದರು, ನಾನೂ ನಂಬಿದ್ದೆ. ನೋವು ಇದ್ದರೆ ಮೂಳೆ ಕೂಡುತ್ತಿದೆ, ನೋವು ಹೋಯಿತು ಅಂದರೆ ಕೂಡಿತು. ಇದು ಅಲ್ಲಿಯ ವೇದವಾಕ್ಯ.

ಹನ್ನೆರಡನೆಯ ದಿನವೋ ಏನೋ, ನನ್ನ ಪಕ್ಕದ ಚಾಪೆಗೆ ಅವರು ಬಂದರು. ಕೆ.ಆರ್. ಪೇಟೆ ತಾಲ್ಲೂಕಿನವರು, ಹೊಸಹೊಳಲಿನ ಹತ್ತಿರದ ಹಳ್ಳಿ. ಊರಿನ ನೀರುಗಂಟಿ. ನಾಲೆಯ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ಸರದಿ ನೋಡಿ ಬಿಡುವ ಕೆಲಸ. ಪಾಚಿ ಕಟ್ಟಿದ ತೂಬಿನ ಮೆಟ್ಟಿಲಲ್ಲಿ ಜಾರಿ, ಮೊಣಕಾಲಿನ ಕೆಳಗೆ ಮುರಿದುಕೊಂಡಿದ್ದರು. ಅರವತ್ತರ ಹತ್ತಿರದ ವಯಸ್ಸು, ಒಣಕಲು ಮೈ. ನಾನು ತಾತ ಎಂದೆ, ಅವರ ಹೆಂಡತಿಯನ್ನು ಅಜ್ಜಿ ಎಂದೆ. ರೋಗಿಯ ಕಡೆಯವರೇ ಅಂಗಳದ ಕಲ್ಲೊಲೆಯಲ್ಲಿ ಅಡುಗೆ ಮಾಡಿಕೊಳ್ಳಬೇಕಿತ್ತು. ನಮ್ಮವ್ವ ಹಸು ಕರು ಬಿಟ್ಟಿರಲಾರದೆ ಊರಿಗೆ ಹೋದ ಮೇಲೆ ನನಗೂ ಮುದ್ದೆ ಬೇಯಿಸಿ ಹಾಕಿದವರು ಆ ಅಜ್ಜಿಯೇ. "ಒಂದು ಮುದ್ದೆ ಮಾಡೋ ಒಲೇಲಿ ಮೂರು ಬೇಯಾಕಿಲ್ವಾ, ಬುಡು" ಎಂದರು. ಕಣ್ಣಿಗೆ ಪೊರೆ ಬಂದಿತ್ತು, ಪಾಪ. ತಟ್ಟೆಯನ್ನು ತಡವಿಯೇ ಇಡುತ್ತಿದ್ದರು.

ನನ್ನ ಹತ್ತಿರ ಮೈಸೂರಿನ ಮಾವನ ಮಗ ಕೊಟ್ಟುಹೋಗಿದ್ದ ಒಂದು ಗೇಮಿನ ಡಬ್ಬಿ ಇತ್ತು. ಅಂಗೈ ಮೇಲೆ ಹಿಡಿದು ಆಡುವಂಥದ್ದು, ನಡುವೆ ಪರದೆ, ಎರಡೂ ಕಡೆ ಗುಂಡಿ. ಅದರಲ್ಲಿದ್ದದ್ದು ಒಂದೇ ಆಟ. ಒಂದು ಕಡೆ ನಮ್ಮ ಕೋಟೆ, ನಮ್ಮ ಜನ. ಇನ್ನೊಂದು ಕಡೆ ತಲೆಗೆ ಕೊಂಬಿರುವ ರಾಕ್ಷಸರ ಊರು. ನಮ್ಮವರು ಮರ ಕಡಿಯಬೇಕು, ಚಿನ್ನ ಅಗೆಯಬೇಕು, ಗದ್ದೆ ಬೆಳೆಯಬೇಕು, ಆಮೇಲೆ ಬಿಲ್ಲಿನವರನ್ನೂ ಮಂತ್ರವಾದಿಗಳನ್ನೂ ಸಾಕಿ ಯುದ್ಧಕ್ಕೆ ಕಳಿಸಬೇಕು. ಚೆಸ್ಸಿನ ಹಾಗೆ ನಿನ್ನ ಸರದಿ, ನನ್ನ ಸರದಿ ಇಲ್ಲ. ನೀವು ತಲೆ ಕೆರೆದುಕೊಳ್ಳುತ್ತ ಕುಳಿತರೆ ಅಷ್ಟರಲ್ಲಿ ಕೊಂಬಿನವರು ಬಾಗಿಲಿಗೆ ಬಂದಿರುತ್ತಾರೆ.

"ಏನ್ಲಾ ಮಗ ಅದು, ಇರುವೆ ಅರ್ದಾಡ್ದಂಗೆ ಅರ್ದಾಡ್ತಾವೆ?" ಎಂದು ತಾತ ಕತ್ತು ಚಾಚಿದರು. ಹೇಳಿಕೊಟ್ಟೆ. ನಾಲ್ಕು ದಿನದಲ್ಲಿ ಆ ಒರಟು ಹೆಬ್ಬೆರಳು ಗುಂಡಿಗಳನ್ನು ಕಲಿತುಬಿಟ್ಟಿತು. ಬರಹ ಬರುತ್ತಿರಲಿಲ್ಲ, ಚಿತ್ರ ನೋಡಿಯೇ ಆಡುತ್ತಿದ್ದರು. ಕೋಟೆ, ಸೈನ್ಯ ಅದೆಲ್ಲ ಆಮೇಲೆ; ಅವರ ಕಣ್ಣು ಮೊದಲು ಹೋದದ್ದು ಪರದೆಯ ಮೇಲೆ ಹರಿಯುತ್ತಿದ್ದ ಹೊಳೆಯ ಮೇಲೆ. ಆ ಹೊಳೆ ನಮ್ಮ ಕಡೆ ಹುಟ್ಟಿ ಕೊಂಬಿನವರ ಕಡೆ ಹೋಗುತ್ತಿತ್ತು. ಅದಕ್ಕೆ ಅಡ್ಡಲಾಗಿ ಅಣೆ ಕಟ್ಟಿದರೆ ಅವರ ಗದ್ದೆ ಒಣಗಿ, ಅವರ ಜನ ಸೊರಗಿ, ಹತ್ತೇ ನಿಮಿಷದಲ್ಲಿ ಗೆಲ್ಲಬಹುದು. ನಾನು ಯಾವಾಗಲೂ ಹಾಗೆಯೇ ಗೆಲ್ಲುತ್ತಿದ್ದದ್ದು. ಜಂಬದಿಂದ ಅದನ್ನೂ ಹೇಳಿಕೊಟ್ಟೆ.

ತಾತ ಮುಖ ಸಿಂಡರಿಸಿದರು. "ಕೆಳಗ್ಲೋರ್ಗೆ ನೀರು ಕಟ್ಟಾಕೋದು ಯುದ್ಧ ಅಲ್ಲ ಕಣ್ಲಾ, ಅಲ್ಕಾ ಕೆಲ್ಸ."

"ಅವರು ರಾಕ್ಷಸರು ತಾತ!"

"ಆಗ್ಲಿ. ಗದ್ದೆ ಮಾಡವ್ರೆ ತಾನೇ?"

ಅವರ ಊರಿನಲ್ಲಿ ಅವರ ಕಟ್ಟಳೆ ಅದು. ನೀರು ಬಂದ ದಿನ ಮೊದಲ ಸರದಿ ಕೊನೆಯ ಗದ್ದೆಗೆ, ಆಮೇಲೆ ಮೇಲಿನ ಗದ್ದೆಗೆ. ಮೇಲಿನವರು ಎಷ್ಟು ಬೈದರೂ ಇಪ್ಪತ್ತೈದು ವರ್ಷ ಹಾಗೆಯೇ ಬಿಟ್ಟವರಂತೆ. ಆಟದಲ್ಲೂ ಅಷ್ಟೇ, ಅಣೆ ಕಟ್ಟಲೇ ಇಲ್ಲ. ಹೊಟ್ಟೆ ತುಂಬ ಉಂಡು ಕೊಬ್ಬಿದ ಕೊಂಬಿನವರು ದಂಡೆತ್ತಿ ಬಂದು ತಾತನ ಕೋಟೆಯನ್ನು ಮುತ್ತಿ ಕೆಡವುತ್ತಿದ್ದರು. ಸೋತರು, ಮತ್ತೆ ಸೋತರು. ಸೋತಾಗಲೆಲ್ಲ "ಥೂ ನಿನ್ನ" ಎಂದು ಡಬ್ಬಿಗೇ ಬೈದು ಮತ್ತೆ ಶುರು ಮಾಡುತ್ತಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಎಷ್ಟು ದಿನದ ಮೇಲೆ ನಕ್ಕಿದ್ದೆ! ಬೆಳಿಗ್ಗೆ ಕಣ್ಣು ಬಿಟ್ಟರೆ ಹೆಂಚು ಕಾಣುವ ಬದಲು ತಾತ ಎದ್ದರೋ ಇಲ್ಲವೋ ಎಂದು ನೋಡುವಂತಾಗಿತ್ತು. ಅವರು ಬಂದ ಮೇಲೆ ನನಗೆ ಹಜಾರ ಜೈಲು ಅನ್ನಿಸಲಿಲ್ಲ.

ತಾತ ಬಂದ ಮೇಲಿನ ಮೂರನೆಯ ಭಾನುವಾರ ಯಜಮಾನರು ಅವರ ಕಟ್ಟನ್ನು ಎಂದಿಗಿಂತ ಬಿಗಿಯಾಗಿ ಹಾಕಿದರು. ಮೂಳೆ ಸರಿಯಾಗಿ ಕೂರಲಿಲ್ಲ, ಬಿಗಿ ಬೇಕು ಎಂದರು. ಸೋಮವಾರ, ಮಂಗಳವಾರ ತಾತ ಹಲ್ಲು ಕಚ್ಚಿಕೊಂಡು ನರಳಿದರು. ಡಬ್ಬಿ ಮುಟ್ಟಲಿಲ್ಲ. ಬುಧವಾರ ಬೆಳಿಗ್ಗೆ ನೋಡಿದರೆ ಮುಖವೆಲ್ಲ ಹಲ್ಲು.

"ನೋವು ಓಗ್ಬುಡ್ತು ಕಣ್ಲಾ! ಒಂಚೂರೂ ಇಲ್ಲ. ಕೂಡ್ಕತು ಮೂಳೆ."

ನನಗೂ ಖುಷಿಯಾಯಿತು. ಮಧ್ಯಾಹ್ನ ಅವರು ಡಬ್ಬಿಗೆ ಕೈ ಚಾಚಿದಾಗ ಹೊದಿಕೆ ಜಾರಿ ಪಾದ ಕಾಣಿಸಿತು. ಬೆರಳುಗಳು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ನನ್ನ ಕಾಲು ಅಲುಗದಂತೆ ಮೆಲ್ಲಗೆ ಎದ್ದು ಕುಳಿತು, ಬಾಗಿ ಮುಟ್ಟಿದೆ, ಮಡಕೆಯ ನೀರಿನ ಹಾಗೆ ತಣ್ಣಗಿದ್ದವು. ಉಗುರಿನಿಂದ ಒತ್ತಿದೆ.

"ತಾತ, ಗೊತ್ತಾಗುತ್ತಾ?"

"ಏನು?"

ಅವರಿಗೆ ಗೊತ್ತಾಗಿರಲಿಲ್ಲ. ನಾನು ಏನು ಕಂಡೆನೆಂದು ಹೇಳಿದೆ. ಯಜಮಾನರನ್ನು ಕರೆಯಲಾ ಎಂದೆ. ತಾತ ಹೊದಿಕೆ ಎಳೆದುಕೊಂಡು ನನ್ನ ಮಣಿಕಟ್ಟು ಹಿಡಿದುಕೊಂಡರು. "ಯಾರ್ಗೂ ಯೋಳ್ಬ್ಯಾಡ ಕಣ್ಲಾ. ಭಾನ್ವಾರ ಬಿಚ್ತಾರಲ್ಲ, ಆಗ ನೋಡ್ಕಳವ. ಈಗ ಯೋಳುದ್ರೆ ಆಸ್ಪತ್ರೆ ಅಂತಾರೆ. ಆಸ್ಪತ್ರೆಗೋದ್ರೆ ಮೂರು ತಿಂಗ್ಳು. ನಾಲೆಗೆ ನೀರು ಬುಡೋಕೆ ಇನ್ನು ಇಪ್ಪತ್ತು ದಿಸ ಅದೆ. ಅವತ್ತು ತೂಬಿನ ತಾವ ನಾನು ನಿಂತಿರ್ನಿಲ್ಲ ಅಂದ್ರೆ ಮೇಲಿನ ಗದ್ದೆಯೋರು ಅವ್ರ ಕಡೆಯೋನ್ ಕೈಗೆ ಕೀಲಿ ಕೊಡುಸ್ತಾರೆ. ಆಮೇಕೆ ಕೊನೇ ಗದ್ದೆಗೆ ಒಂದು ತೊಟ್ಟೂ ಓಗಾಕಿಲ್ಲ."

ನಾನು ಸರಿ ಎಂದೆ.

ಇಲ್ಲಿ ನಾನೊಂದು ಮಾತು ಹೇಳಬೇಕು. ತಾತ ಕೇಳಿಕೊಂಡರು, ಅದಕ್ಕೇ ಬಾಯಿ ಮುಚ್ಚಿಕೊಂಡೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಹಸಿ ಸುಳ್ಳು. ತಾತ ಹೋಗಿಬಿಟ್ಟರೆ ಆ ಹೆಂಚಿನ ಕೆಳಗೆ ಇನ್ನೂ ಎಷ್ಟೋ ದಿನ ನಾನೊಬ್ಬನೇ ಉಳಿಯಬೇಕಲ್ಲ ಎಂಬ ದಿಗಿಲು ಅದು. ಅವರ ಪಾದ ಕಪ್ಪಾಗುವುದನ್ನು ಕಂಡ ಕಣ್ಣಿನಿಂದಲೇ ನಾನು ನನ್ನ ಆಟದ ಜೊತೆಗಾರ ಎಲ್ಲಿ ತಪ್ಪಿಹೋಗುತ್ತಾನೋ ಎಂದು ನೋಡುತ್ತಿದ್ದೆ. ಅಷ್ಟೇ.

ಗುರುವಾರ ಅಜ್ಜಿ ತಟ್ಟೆ ಇಡುತ್ತ ನನ್ನ ಕಡೆ ಬಾಗಿ ಕೇಳಿದರು. "ನಂಗೆ ಕಣ್ಣು ಕಾಣಾಕಿಲ್ಲ ಕನಪ್ಪ, ನೀನು ಪಕ್ದಲ್ಲೇ ಇದ್ದೀಯ. ಇವ್ರ ಕಾಲು ಎಂಗದೆ? ಕಾಲು ಮುಟ್ಟಾಕೂ ಬುಡಾಕಿಲ್ಲ ನನ್ನ."

ತಾತ ನನ್ನ ಮುಖವನ್ನೇ ನೋಡುತ್ತಿದ್ದರು.

"ಚೆನ್ನಾಗದೆ ಕಣಜ್ಜಿ" ಎಂದೆ.

ಅಜ್ಜಿ ನನ್ನ ತಲೆ ಸವರಿ ಇನ್ನೊಂದು ಸೌಟು ಸಾರು ಹಾಕಿದರು. ಉಂಡೆ. ಗಂಟಲಲ್ಲಿ ಇಳಿಯಿತು ಕೂಡ.

ಶುಕ್ರವಾರ ತಾತ ಗೆದ್ದರು. ಹೇಗೆ ಗೆದ್ದರೆಂದು ಇವತ್ತಿಗೂ ನನಗೆ ಪೂರ್ತಿ ಬಗೆಹರಿದಿಲ್ಲ. ಹೊಳೆಯನ್ನು ಹಾಗೆಯೇ ಬಿಟ್ಟು, ಎರಡೂ ದಡದಲ್ಲಿ ಸಾಲಾಗಿ ಬಿಲ್ಲಿನವರ ಗೋಪುರ ಕಟ್ಟುತ್ತ, ತೂಬಿನಿಂದ ತೂಬಿಗೆ ಹೋಗುವವರ ಹಾಗೆ ನೀರಿನ ಜೊತೆಗೇ ಕೆಳಕ್ಕೆ ಇಳಿದುಹೋದರು. ಕೊಂಬಿನವರ ಕೋಟೆ ಬಿದ್ದಾಗ "ಒಡ್ದೆ ಕಣ್ಲಾ! ನೀರು ಕಟ್ದೇನೇ ಒಡ್ದೆ!" ಎಂದು ಇಡೀ ಹಜಾರ ಬೆಚ್ಚಿಬೀಳುವಂತೆ ಕೂಗಿದರು. ಸೊಂಟ ಮುರಿದ ಮುದುಕಿಯರೂ ನಕ್ಕರು. ನಾನು ಅವರ ಕೈ ಹಿಡಿದು ಕುಲುಕಿದೆ. ಆ ಕೈ ಕಾದ ಕಾವಲಿಯಂತೆ ಸುಡುತ್ತಿತ್ತು. ಆಗಲೂ ಹೇಳಲಿಲ್ಲ.

ಶನಿವಾರ ಜ್ವರ ನೆತ್ತಿಗೇರಿ ಏನೇನೋ ಬಡಬಡಿಸತೊಡಗಿದರು. ಹಜಾರದ ವಾಸನೆಗಿಂತ ಬೇರೆಯದೇ ಒಂದು ವಾಸನೆ ಎದ್ದಿತ್ತು. ಯಜಮಾನರು ಬಂದು ಅವತ್ತೇ, ಭಾನುವಾರಕ್ಕೆ ಕಾಯದೆ, ಕಟ್ಟು ಬಿಚ್ಚಿದರು. ಬಿಚ್ಚಿದವರು ಗೋಡೆಗೆ ಒರಗಿ ಕುಳಿತುಬಿಟ್ಟರು. ನಾಲ್ಕು ಜನ ಚಾಪೆಯ ಸಮೇತ ತಾತನನ್ನು ಎತ್ತಿ ಜೀಪಿಗೆ ಹಾಕಿ ಮೈಸೂರಿಗೆ ಕರೆದೊಯ್ದರು. ಹೋಗುವಾಗ ಅಜ್ಜಿ ಒಲೆಯ ಮೇಲಿದ್ದ ಪಾತ್ರೆಯನ್ನು ಇಳಿಸಿ, "ಸಾರದೆ, ಉಣ್ಣು ಮಗ" ಎಂದು ನನಗೆ ಹೇಳಿ ಹೋದರು. ಎರಡು ದಿನದ ಮೇಲೆ ಸುದ್ದಿ ಬಂತು. ಮೊಣಕಾಲಿನ ಮೇಲಕ್ಕೆ ಕಾಲು ತೆಗೆದಿದ್ದರು.

ನನ್ನ ಕಾಲು ಚೆನ್ನಾಗಿಯೇ ಕೂಡಿತು. ಇವತ್ತಿಗೂ ಒಂದು ಚೂರೂ ಕುಂಟುವುದಿಲ್ಲ. ಡಬ್ಬಿಯನ್ನು ಮಾವನ ಮಗನಿಗೆ ವಾಪಸ್ಸು ಕೊಟ್ಟೆ. ತಾತನನ್ನು ನೋಡಲು ಹೋಗಬೇಕು, ಈ ವಾರ ಹೋಗಬೇಕು, ಹಬ್ಬ ಮುಗಿಯಲಿ ಹೋಗೋಣ... ಹೀಗೆ ಒಂದೂವರೆ ವರ್ಷ ತಳ್ಳಿದೆ. ಕೊನೆಗೆ ಹೋದಾಗ ತಾತ ತೀರಿಕೊಂಡು ಆರು ತಿಂಗಳಾಗಿತ್ತು.

ಅಜ್ಜಿ ದನಿಯಲ್ಲೇ ನನ್ನ ಗುರುತು ಹಿಡಿದರು. ಕಣ್ಣು ಪೂರ್ತಿ ಹೋಗಿತ್ತು. ತೂಬಿನ ಕೀಲಿ ಆ ವರ್ಷವೇ ಇನ್ನೊಬ್ಬನಿಗೆ ಹೋಯಿತಂತೆ. "ಕೊನೇ ಗದ್ದೆಯೋರು ಈಗ ನೀರಿಲ್ದೆ ಭತ್ತ ಬುಟ್ಟು ಉಳ್ಳಿಕಾಳು ಆಕವ್ರೆ. ಇವ್ರು ಜಗಲಿ ಮ್ಯಾಲೆ ಕುಂತ್ಕಂಡು ಅದ್ನೇ ನೋಡ್ಕಂಡು ಓಗ್ಬುಟ್ರು" ಎಂದರು. ನಾನು ಬಾಯಿ ತೆರೆದೆ. ಹೇಳಿಬಿಡಬೇಕೆಂದೇ ಹೋಗಿದ್ದೆ. ಅಷ್ಟರಲ್ಲಿ ಅಜ್ಜಿಯೇ ನನ್ನ ಕೈ ತಡವಿ ಹಿಡಿದುಕೊಂಡರು.

"ಸಾಯೋಗಂಟ ನಿನ್ನ ನೆನ್ಕತಿದ್ರು ಕನಪ್ಪ. ಆ ಪಾಲಳ್ಳಿ ಉಡ್ಗ ಬುಧ್ವಾರ್ವೇ ಯೋಳ್ದ, ಆಸ್ಪತ್ರೆಗೋಗು ತಾತ ಅಂತ ಕಾಲಿಗ್ ಬಿದ್ದ, ನಾನೇ ಕೇಳ್ನಿಲ್ಲ, ಅವನ್ ಬಾಯಿಗೂ ಆಣೆ ಆಕ್ಬುಟ್ಟೆ ಅಂತ. ಬಂದೋರಿಗೆಲ್ಲ ಅದ್ನೇ ಯೋಳೋರು."

ನಾನು ಯಾವತ್ತೂ ಕಾಲಿಗೆ ಬಿದ್ದಿರಲಿಲ್ಲ. ಆಸ್ಪತ್ರೆ ಎಂಬ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಆಣೆಯೂ ಇರಲಿಲ್ಲ. ನಾಳೆ ಯಾರಾದರೂ ನನ್ನನ್ನು ಬೈದಾರು ಎಂದು ಆ ಮನುಷ್ಯ ಒಂಟಿ ಕಾಲಿನಲ್ಲಿ ಕುಳಿತು ನನಗಾಗಿ ಒಂದು ಸುಳ್ಳು ಕಟ್ಟಿಟ್ಟಿದ್ದರು. ಈಗ ನಿಜ ಹೇಳಿದರೆ ಸತ್ತವರನ್ನು ಹೆಂಡತಿಯ ಮುಂದೆ ಸುಳ್ಳುಗಾರ ಮಾಡಬೇಕು. ಹೇಳದಿದ್ದರೆ ಅವರು ಕೊಟ್ಟ ಒಳ್ಳೆಯ ಹೆಸರನ್ನು ಹೊತ್ತುಕೊಂಡು ತಿರುಗಬೇಕು. ಅಜ್ಜಿ ಮಾಡಿಕೊಟ್ಟ ಕಾಫಿ ಕುಡಿದು ಬಂದೆ.

ಆಮೇಲೆ ವರ್ಷಕ್ಕೊಮ್ಮೆ ಹೋಗುತ್ತಿದ್ದೆ. ಪ್ರತಿ ಸಲವೂ ಈ ಸಲ ಹೇಳುತ್ತೇನೆ ಎಂದುಕೊಂಡೇ ಬಸ್ಸು ಹತ್ತುತ್ತಿದ್ದೆ. ಈ ಬೇಸಿಗೆಯಲ್ಲಿ ಅಜ್ಜಿಯೂ ಹೋದರು. ತಿಥಿಗೆ ಅವರ ಮಗಳು ಫೋನ್ ಮಾಡಿ ಕರೆದಳು. ಪಂಕ್ತಿಯಲ್ಲಿ ಹಿಂದೆ ಎಲ್ಲೋ ಕುಳಿತಿದ್ದ ನನ್ನನ್ನು ಎಬ್ಬಿಸಿ, ಮೊದಲ ಸಾಲಿಗೆ ಕರೆದೊಯ್ದು, ನೆಂಟರಿಗೆಲ್ಲ ಕೇಳುವಂತೆ ಹೇಳಿದಳು. "ಇವ್ರೇ ನಮ್ಮಪ್ಪಂಗೆ ಮೊದ್ಲೇ ಯೋಳ್ದೋರು. ಇವ್ರ ಮಾತು ಕೇಳಿದ್ರೆ ನಮ್ಮಪ್ಪ ಇವತ್ತು ಬದುಕಿರೋರು."

ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು. ಒಬ್ಬ ಮುದುಕರು ಕೈ ಮುಗಿದರು. ನಾನೂ ಕೈ ಮುಗಿದೆ.